ನಾನು ಗೀಟು ಹಾಕದ ಮೂರು ನಡೆಗಳು

ಟೀಚರ್ ಅವರ ಎಡಗೈಯ ಹೆಬ್ಬೆರಳು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಕಿರುಬೆರಳಿನ ಬುಡದ ಗೆರೆಯಿಂದ ಹೊರಟು, ಒಂದೊಂದು ಬೆರಳಿಗೆ ಮೂರು ಗೆರೆಯಂತೆ ಮುಟ್ಟುತ್ತಾ ಹೋಗಿ, ತೋರುಬೆರಳಿನ ಮೇಲಿನ ಗೆರೆಗೆ ಬಂದಾಗ ಹನ್ನೆರಡಾಗುತ್ತಿತ್ತು. ಕೂಡಲೇ ಕಿರುಬೆರಳಿಗೆ ಹಾರಿ ಹದಿಮೂರು. ಜಪ ಮಾಡುವವರು ಹೀಗೆ ಎಣಿಸುವುದನ್ನು ನೋಡಿದ್ದೆ. ಟೀಚರ್ ಜಪ ಮಾಡುವವರಲ್ಲ. ಮೊದಲ ಸಲ ಅವರ ಜೊತೆ ಮೆಟ್ಟಿಲು ಹತ್ತಿದಾಗ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟೆ, ಏನು ಎಣಿಸುತ್ತಿದ್ದೀರಿ ಅಂತ.

"ಮೆಟ್ಟಲಾ, ಕಾಕಾ. ನಮ್ಮ ಮನೀಗೆ ಐವತ್ನಾಕು."

"ದಿನಾ ಹತ್ತತೀರಿ, ದಿನಾ ಎಣಸ್ತೀರೇನು?"

"ಮತ್ತ? ನಿನ್ನೆ ಐವತ್ನಾಕಿತ್ತು ಅಂದ್ರ ಇವತ್ತೂ ಇರಬೇಕು ಅಂತೇನದ?" ಎಂದು ನಕ್ಕರು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮದು ಒಂದನೇ ಮಹಡಿ, ಅವರದು ಮೂರನೆಯದು. ಗದಗಿನ ಕಡೆಯವನಾದ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಸೇರಿದವನು. ಟಪಾಲು ವಿಭಾಗದ ಗುಮಾಸ್ತನಾಗಿ ವರ್ಗವಾಗಿ ಇಲ್ಲಿಗೆ ಬಂದು, ಇಲ್ಲಿಯೇ ನಿವೃತ್ತನಾದೆ. ಅವರ ತಂದೆ ಧಾರವಾಡದಿಂದ ಬಂದ ಎಂಜಿನಿಯರ್. ಟೀಚರ್ ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಅವರ ತೆಲುಗು ನೀರಿನಂತೆ ಹರಿಯುತ್ತಿತ್ತು. ಕನ್ನಡ ಮಾತ್ರ ತಾಯಿಯ ಜೊತೆ ಅಡುಗೆಮನೆಯಲ್ಲಿ ಆಡಿ ಉಳಿಸಿಕೊಂಡದ್ದು. ರೊಟ್ಟಿ, ಸಾರು, ನೆಂಟರು, ಸಿಟ್ಟು, ಇವೆಲ್ಲ ಕನ್ನಡದಲ್ಲಿ ಬರುತ್ತಿದ್ದವು. ಚದುರಂಗದ ಮಾತು ಸ್ವಲ್ಪ ಆಳಕ್ಕೆ ಹೋದರೆ ತೆಲುಗಿಗೆ ಜಾರುತ್ತಿದ್ದರು.

ಚದುರಂಗದಲ್ಲಿ ಅವರು ಮಾಸ್ಟರ್ ಪದವಿ ಪಡೆದವರು. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ನನ್ನ ಮಟ್ಟಿಗೆ ಅವರು ಸಂಜೆ ಮನೆಯ ವೆರಾಂಡದಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರ್ ಅಷ್ಟೆ. ನನ್ನ ಮೊಮ್ಮಗಳನ್ನು ಬಿಡಲು ಹೋದವನು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಆರು ತಿಂಗಳಿಗೆ ಮೊಮ್ಮಗಳಿಗೆ ಬೇಸರ ಬಂದು ಡ್ಯಾನ್ಸಿಗೆ ಸೇರಿಕೊಂಡಳು. ನಾನು ಮಾತ್ರ ಸ್ಟೂಲು ಬಿಡಲಿಲ್ಲ.

ಅವರು ಕಲಿಸುವ ರೀತಿಯೇ ನನ್ನನ್ನು ಹಿಡಿದಿಟ್ಟಿತ್ತು. ಯಾವುದಾದರೂ ಮಗು "ಈ ಕುದುರೆ ಸಾಯುತ್ತೆ ಅನಿಸುತ್ತೆ ಮೇಡಂ" ಅಂದರೆ ಸಾಕು, ಕಣ್ಣು ಕಿರಿದು ಮಾಡಿ, "ಅನಿಸಿದ್ದು ನನಗ ಬ್ಯಾಡ. ಎಷ್ಟು ಮಂದಿ ಹೊಡೀತಾರ, ಎಷ್ಟು ಮಂದಿ ಕಾಯ್ತಾರ, ಎಣಿಸಿ ಹೇಳು" ಅನ್ನುತ್ತಿದ್ದರು. ಆ ಮಾತನ್ನು ಮಕ್ಕಳಿಗೆ ತೆಲುಗಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು, ನಾನೂ ಕ್ಲಾಸಿಗೆ ಸೇರಿದವನೇ ಎಂಬಂತೆ.

ಒಂದು ದಿನ ಹೇಳಿದರು: "ಕಾಕಾ, ಸುಮ್ನ ಕೂತ್ಕೊಂಡು ಏನ್ಮಾಡ್ತೀರಿ? ಆರ್ಬಿಟರ್ ಪರೀಕ್ಷಾ ಬರೀರಿ. ಆಟಾ ಬರಬೇಕಂತೇನಿಲ್ಲ. ನಿಯಮ ಗೊತ್ತಿದ್ರ ಆತು, ಸುಳ್ಳು ಹೇಳಬಾರದು ಅಷ್ಟ."

ಆರ್ಬಿಟರ್ ಎಂದರೆ ಪಂದ್ಯದ ತೀರ್ಪುಗಾರ. ಅರವತ್ತನಾಲ್ಕನೇ ವಯಸ್ಸಿನಲ್ಲಿ, ನಿಯಮಗಳನ್ನೆಲ್ಲ ಅವರಿಂದಲೇ ಕನ್ನಡದಲ್ಲಿ ಹೇಳಿಸಿಕೊಂಡು, ಜಿಲ್ಲಾ ಮಟ್ಟದ ಪರೀಕ್ಷೆ ಬರೆದು ಪಾಸಾದೆ. ಕೊರಳಿಗೆ ಹಾಕಿಕೊಳ್ಳುವ ಬ್ಯಾಡ್ಜ್ ಕೊಟ್ಟರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲಕೋಟೆಗೆ ಅಂಟು ಹಚ್ಚಿದವನಿಗೆ ಜನ 'ಸಾರ್' ಎಂದು ಕರೆಯುವ ಒಂದು ಕೆಲಸ ಸಿಕ್ಕಿತ್ತು.

ಐವತ್ತು ನಡೆಯ ನಿಯಮವನ್ನು ಅವರು ನನಗೆ ಹೇಳಿಕೊಟ್ಟ ದಿನ ಚೆನ್ನಾಗಿ ನೆನಪಿದೆ. ಯಾರೂ ಕಾಯಿ ಹೊಡೆಯದೆ, ಒಂದು ಕಾಲಾಳೂ ಮುಂದೆ ಹೋಗದೆ ಇಬ್ಬರೂ ಐವತ್ತೈವತ್ತು ನಡೆ ಆಡಿದರೆ, ಇದು ಮುಗಿಯುವ ಆಟವಲ್ಲ, ಡ್ರಾ ಕೊಡಿ ಎಂದು ಕೇಳುವ ಹಕ್ಕು ಆಟಗಾರರಿಗಿದೆ.

"ನಲವತ್ತೊಂಬತ್ತಕ್ಕ ಕೇಳಿದ್ರ?" ಎಂದೆ.

"ನಲವತ್ತೊಂಬತ್ತಕ್ಕ ಕೇಳೋವ್ರು ಮಾಸ್ಟರ್ ಹೆಂಗಾದಾರು, ಕಾಕಾ?"

ಅವರ ತಾಯಿಯ ವಿಷಯವನ್ನೂ ಹೇಳಬೇಕು. ಟೀಚರ್ ಒಂಬತ್ತು ವರ್ಷ ಪಂದ್ಯಗಳಿಗೆ ಹೋಗಿರಲಿಲ್ಲ. ತಾಯಿಗೆ ಮರೆವಿನ ಕಾಯಿಲೆ ಬಂದಿತ್ತು. ಮದುವೆಯಾಗದ ಮಗಳು, ಬೇರೆ ಯಾರಿದ್ದಾರೆ? ನಾನು ಅವರ ಮನೆಗೆ ಹೋಗಿಬಂದು ಮಾಡುವ ಹೊತ್ತಿಗೆ ಆ ತಾಯಿ ಮಗಳನ್ನೇ "ನೀ ಯಾರ ಪೈಕಿ ಅವ್ವಾ?" ಎಂದು ಕೇಳುವಂತಾಗಿದ್ದರು. ನಡೆಯದೇ ಇದ್ದ ಮದುವೆಗಳ ಊಟವನ್ನು ಬಾಯಿ ಚಪ್ಪರಿಸಿ ವರ್ಣಿಸುತ್ತಿದ್ದರು. ಬೆರಳ ಗೆರೆಯ ಎಣಿಕೆಯನ್ನು ಮಗಳಿಗೆ ಕಲಿಸಿದ್ದು ಅವರೇ ಅಂತೆ.

ತಾಯಿ ಹೋದ ಮೇಲೆ ಒಂದು ಮಧ್ಯಾಹ್ನ ಟೀಚರ್ ಚಹಾ ಕೊಡುತ್ತಾ ಹೇಳಿದರು: "ಅವ್ವಗ ಹೆಸರು ಮರೆತದ್ದು ಆಮ್ಯಾಲೆ, ಕಾಕಾ. ಮೊದಲು ತಪ್ಪಿದ್ದು ಎಣಿಕಿ. ಹತ್ತು ಚಪಾತಿ ಮಾಡಿ ಹದಿಮೂರು ಮಾಡೀನಿ ಅಂತ ವಾದಾ ಮಾಡ್ತಿದ್ಲು. ನಾವು ನಗ್ತಿದ್ವಿ. ಡಾಕ್ಟರು ಹೇಳ್ಯಾರ, ಇದು ಮಗಳಿಗೂ ಬರಬಹುದಂತ. ನಂದು ಎಣಿಕಿ ಯಾವತ್ತ ತಪ್ಪತದೋ ಅವತ್ತ ನಾ ಎಲ್ಲಾ ಬಿಡೋದು."

ಮೆಟ್ಟಿಲು ಯಾಕೆ ಎಣಿಸುತ್ತಿದ್ದರೆಂದು ಆಗ ಗೊತ್ತಾಯಿತು. ಇದನ್ನೆಲ್ಲ ತಿಳಿದ ಮೇಲೂ ನಾನು ಮುಂದೆ ಹೇಳುವ ಕೆಲಸ ಮಾಡಿದೆ.

ಮರುವರ್ಷ ಅವರು ಮತ್ತೆ ಆಡುವುದಾಗಿ ನಿರ್ಧರಿಸಿದರು. ಆಗ ಅವರಿಗೆ ನಲವತ್ತಮೂರು. ವಿಜಯವಾಡದಲ್ಲಿ ರಾಜ್ಯ ಮಟ್ಟದ ಮಹಿಳೆಯರ ಪಂದ್ಯಾವಳಿ. ಮೊದಲ ನಾಲ್ವರಿಗೆ ರಾಜ್ಯ ತಂಡದಲ್ಲಿ ಜಾಗ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ. ನನ್ನನ್ನೂ ಸಹಾಯಕ ತೀರ್ಪುಗಾರನಾಗಿ ಕರೆದಿದ್ದರು. ಇಬ್ಬರೂ ಒಂದೇ ರೈಲಿನಲ್ಲಿ ಹೋದೆವು. ತುನಿ ದಾಟುವವರೆಗೂ ಅವರು ಕಿಟಕಿಯಾಚೆಯ ತಾಳೆಮರ ಎಣಿಸಿದರು.

ಐದು ದಿನದ ಪಂದ್ಯಾವಳಿ. ಆಡುವವರಲ್ಲಿ ಹೆಚ್ಚಿನವರು ಹದಿನಾರು ಹದಿನೇಳರ ಹುಡುಗಿಯರು. ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬೊಬ್ಬರನ್ನೇ ಸೋಲಿಸಿದರು. ಕೊನೆಯ ಸುತ್ತಿಗೆ ಬರುವಾಗ ಅವರಿಗೆ ಬೇಕಾಗಿದ್ದು ಅರ್ಧ ಅಂಕ. ಅಂದರೆ ಒಂದು ಡ್ರಾ ಸಾಕು.

ಕೊನೆಯ ಎದುರಾಳಿಯೂ ಮಾಸ್ಟರ್. ಕೊಂಡಪಲ್ಲಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ವಿದ್ಯುತ್ ಸ್ಥಾವರದ ಕಚೇರಿಯಲ್ಲಿ ಕೆಲಸ ಮಾಡುವ ಮೂವತ್ತೈದರ ಹೆಂಗಸು. ಇಸ್ತ್ರಿ ಮುರಿಯದ ಮಂಗಳಗಿರಿ ಸೀರೆ, ಕಡಿಮೆ ಮಾತು. ಆಕೆ ಗೆದ್ದರೆ ಆಕೆಗೆ ಜಾಗ, ಡ್ರಾ ಆದರೆ ಟೀಚರಿಗೆ.

ಅಂದು ಬೆಳಿಗ್ಗೆ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಯಾವುದೋ ಹುಡುಗಿಯ ತಂದೆ ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲಿ ಅಂದ: "ಏಮಂಡೀ, ಮೀ ಮೇಡಂ ಆಟಕು ಮೀರೇ ಕೂರ್ಚುಂಟಾರಾ? ಇಂಕ ಆಡಡಂ ಎಂದುಕು, ರಿಜಲ್ಟ್ ರಾಸೇಯಂಡಿ!" ನಿಮ್ಮ ಮೇಡಂ ಆಟಕ್ಕೆ ನೀವೇ ಕೂರೋದಾದರೆ ಆಡೋದು ಯಾಕೆ, ಫಲಿತಾಂಶ ಬರೆದುಬಿಡಿ ಅಂತ. ಸುತ್ತ ಕೂತವರು ನಕ್ಕರು. ಇನ್ನೊಬ್ಬ, "ಇಬ್ಬರೂ ಒಂದೇ ರೈಲು, ಒಂದೇ ಭಾಷೆ, ಒಂದೇ ಬಿಲ್ಡಿಂಗು" ಎಂದು ಸೇರಿಸಿದ. ನಾನೂ ನಕ್ಕೆ. ಉಳಿದ ಇಡ್ಲಿ ಬಿಟ್ಟು ಎದ್ದೆ.

ಆಟ ನಾಲ್ಕು ತಾಸು ನಡೆಯಿತು. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಐದೇ ಕಾಯಿ. ಕೊಂಡಪಲ್ಲಿಯ ಮಾಸ್ಟರಿಗೆ ರಾಜ, ಆನೆ, ಒಂಟೆ. ಟೀಚರಿಗೆ ರಾಜ ಮತ್ತು ಆನೆ. ಸರಿಯಾಗಿ ಆಡಿದರೆ ಇದನ್ನು ಡ್ರಾ ಮಾಡಿಕೊಳ್ಳಬಹುದು, ಆದರೆ ಮಾಡಿಕೊಳ್ಳುವುದು ಕಷ್ಟ. ಒಂದು ಮನೆ ತಪ್ಪಿಟ್ಟರೂ ರಾಜ ಸಿಕ್ಕಿಬೀಳುತ್ತಾನೆ. ಐವತ್ತು ನಡೆ ಸಹಿಸಿಕೊಂಡರೆ ಡ್ರಾ. ಇಬ್ಬರ ಗಡಿಯಾರದಲ್ಲೂ ಐದು ನಿಮಿಷಕ್ಕಿಂತ ಕಡಿಮೆ ಉಳಿದಿತ್ತು. ಅಷ್ಟು ಕಡಿಮೆ ಸಮಯ ಉಳಿದಾಗ ಆಟಗಾರರು ತಮ್ಮ ನಡೆಗಳನ್ನು ಬರೆದುಕೊಳ್ಳಬೇಕಾಗಿಲ್ಲ, ತೀರ್ಪುಗಾರರ ಕಡೆಯವರು ಕೂತು ಎಣಿಸಬೇಕು. ಮುಖ್ಯ ತೀರ್ಪುಗಾರರು ಸುತ್ತ ನೋಡಿದರು. ಉಳಿದ ಸಹಾಯಕರೆಲ್ಲ ಬೇರೆ ಮೇಜುಗಳಲ್ಲಿ ಸಿಕ್ಕಿಕೊಂಡಿದ್ದರು. ನನ್ನ ಕೈಗೆ ಹಾಳೆ ಕೊಟ್ಟು, "ಒಂದೊಂದು ನಡೆಗೆ ಒಂದೊಂದು ಗೀಟು" ಎಂದರು. ಈಕೆ ನನ್ನ ಗುರು, ನಾನು ಕೂರುವುದಿಲ್ಲ ಎಂದು ಹೇಳಬಹುದಿತ್ತು. ಬ್ಯಾಡ್ಜ್ ಸರಿಮಾಡಿಕೊಂಡು ಕೂತೆ.

ಕೊಂಡಪಲ್ಲಿಯ ಮಾಸ್ಟರ್ ಒಂದು ನಡೆ, ಟೀಚರ್ ಒಂದು ನಡೆ, ನನ್ನದೊಂದು ಗೀಟು. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡ. ಮೂವತ್ತರ ತನಕ ಸರಿಯಾಗಿ ನಡೆಯಿತು.

ಆಗ ಟೀಚರ್ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಮೇಜಿನ ಅಂಚಿನ ಕೆಳಗೆ, ಮಡಿಲ ಮೇಲಿದ್ದ ಅವರ ಎಡಗೈ ನನಗೆ ಕಂಡಿತು. ಹೆಬ್ಬೆರಳು ಗೆರೆಯಿಂದ ಗೆರೆಗೆ ಹೋಗುತ್ತಿತ್ತು. ಬಲಗೈ ಮೇಲೆ ಪ್ರಾಣ ಉಳಿಸಿಕೊಳ್ಳಲು ಓಡಾಡುತ್ತಿದೆ, ಎಡಗೈ ಕೆಳಗೆ ತಣ್ಣಗೆ ಕೂತು ಲೆಕ್ಕ ಇಡುತ್ತಿದೆ! ಒಬ್ಬರೇ ಮನುಷ್ಯರಲ್ಲಿ ಇಬ್ಬರು ಹೀಗೆ ಹೇಗೆ ಇರುತ್ತಾರೆ ಎಂದು ಮೈಮರೆತು ನೋಡಿದೆ. ಮಧ್ಯಬೆರಳಿನ ಮೊದಲ ಗೆರೆ, ಎರಡನೆಯದು, ಮೂರನೆಯದು. ಗಡಿಯಾರದ ಗುಂಡಿ ಟಪ್ ಟಪ್ ಎಂದಿತು. ತಲೆ ಎತ್ತಿದಾಗ ನನ್ನ ಹಾಳೆಯಲ್ಲಿ ಮೂವತ್ತೇ ಗೀಟು ಇದ್ದವು. ಅವರ ಬೆರಳಲ್ಲಿ ಮೂವತ್ತಮೂರು.

ಆ ಕ್ಷಣದಲ್ಲೇ ಮೂರು ಗೀಟು ಹಾಕಬಹುದಿತ್ತು. ಪೆನ್ನು ಹಾಳೆಯ ಮೇಲಿಟ್ಟೆ ಕೂಡ. ನನ್ನ ಹಿಂದೆ ಹತ್ತು ಹನ್ನೆರಡು ಜನ ನಿಂತಿದ್ದರು, ಬೆಳಿಗ್ಗೆಯ ಆ ಮನುಷ್ಯನೂ ಇದ್ದ. ಒಟ್ಟಿಗೆ ಮೂರು ಗೀಟು ಎಳೆದರೆ ಏನೆನ್ನುತ್ತಾರೆ? ಹೋಗಲಿ, ಐವತ್ತರವರೆಗೆ ಆಟ ಬರುವುದಿಲ್ಲ ಎಂದುಕೊಂಡು ಮುಂದಿನ ನಡೆಗೆ ಒಂದೇ ಗೀಟು ಹಾಕಿ ಮುಂದುವರಿದೆ.

ಆಟ ಐವತ್ತರವರೆಗೂ ಬಂತು. ಟೀಚರ್ ಗಡಿಯಾರ ನಿಲ್ಲಿಸಿ ಕೈ ಎತ್ತಿದರು. "ಡ್ರಾ ಸಾರ್. ಐವತ್ತು ನಡೆ ಆಯಿತು" ಎಂದು ತೆಲುಗಿನಲ್ಲಿ ಹೇಳಿದರು. ಮುಖದಲ್ಲಿ ಬೆವರಿತ್ತು, ನಗು ಕೂಡ.

ಮುಖ್ಯ ತೀರ್ಪುಗಾರರು ಕೊಂಡಪಲ್ಲಿಯ ಮಾಸ್ಟರನ್ನು ಕೇಳಿದರು. "ನೇನು ಲೆಕ್ಕಪೆಟ್ಟಲೇದು ಸಾರ್," ನಾನು ಎಣಿಸಿಲ್ಲ ಎಂದರು ಅವರು. ಸುಳ್ಳಲ್ಲ. ಅವರಿಗೆ ಎಣಿಸುವ ಅಗತ್ಯವಿರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. "ಎನ್ನಿ?" ಎಷ್ಟು ಎಂದು.

ಮೂರು ನಡೆಗೆ ಗೀಟು ಹಾಕುವುದು ಬಿಟ್ಟುಹೋಗಿದೆ ಸಾರ್ ಎಂದರೆ, ತನ್ನವರಿಗೆ ಮೂರು ನಡೆ ದಾನ ಮಾಡಿದ ಅನ್ನುತ್ತಾರೆ. ನಾನು ಇವರವನಲ್ಲ ಎಂದು ಎಲ್ಲರಿಗೂ ತೋರಿಸಬೇಕಿತ್ತು. ಹಾಳೆ ಎತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು, "ನಲಭೈ ಏಡು ಸಾರ್" ಎಂದೆ. ನಲವತ್ತೇಳು.

ಟೀಚರ್ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. "ಹೌದೇನು ಕಾಕಾ?" ಎಂದು ಕನ್ನಡದಲ್ಲಿ, ಮೆಲ್ಲಗೆ, ನಿಜಕ್ಕೂ ತಿಳಿದುಕೊಳ್ಳುವವರಂತೆ ಕೇಳಿದರು. ನಾನು ಹಾಳೆ ನೋಡುತ್ತಾ ತಲೆಯಾಡಿಸಿದೆ.

ತಪ್ಪು ಬೇಡಿಕೆಗೆ ಶಿಕ್ಷೆಯಾಗಿ ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿದರು. ಟೀಚರಿಗೆ ಉಳಿದದ್ದು ನಲವತ್ತು ಸೆಕೆಂಡು. ಇನ್ನು ಮೂರೇ ನಡೆ ಆಡಿದ್ದರೆ ನನ್ನ ಸುಳ್ಳು ಲೆಕ್ಕದಲ್ಲೂ ಡ್ರಾ ಆಗುತ್ತಿತ್ತು. ಅವರು ಎಡಗೈಯನ್ನು ಎತ್ತಿ ಮೇಜಿನ ಮೇಲೆ ಮಗುಚಿಟ್ಟರು. ಅದು ಅಲುಗಲಿಲ್ಲ. ಎರಡನೇ ನಡೆಯಲ್ಲಿ ರಾಜನನ್ನು ತಪ್ಪು ಮನೆಗೆ ಸರಿಸಿದರು. ಕೊಂಡಪಲ್ಲಿಯ ಮಾಸ್ಟರ್ ಆನೆಯನ್ನು ಕೊನೆಯ ಸಾಲಿಗೆ ತಂದಿಟ್ಟು ಚೆಕ್‌ಮೇಟ್ ಮಾಡಿದರು. ಇಬ್ಬರೂ ಕೈ ಕುಲುಕಿ ಸಹಿ ಹಾಕಿದರು. ಬೆಳಿಗ್ಗೆಯ ಮನುಷ್ಯ ನನ್ನ ಬೆನ್ನು ತಟ್ಟಿ, "ಕರೆಕ್ಟ್ ಮನಿಷಿ" ಎಂದ. ಆ ಹೊಗಳಿಕೆ ನನಗೆ ಇಷ್ಟವಾಯಿತು ಎಂಬುದನ್ನೂ ಇಲ್ಲಿ ಬರೆಯಲೇಬೇಕು.

ವಾಪಸ್ಸು ಹೋಗುವ ರೈಲಿನಲ್ಲಿ ಅವರು ಅಂಗೈಯಗಲದ ಆಯಸ್ಕಾಂತದ ಹಲಗೆ ತೆಗೆದು ಐದು ಕಾಯಿ ಜೋಡಿಸಿದರು. ತುಟಿಯಲ್ಲಿ ಎಣಿಸುತ್ತಾ ಆಡಿಕೊಂಡು ಹೋದರು. ಮುಗಿದ ಮೇಲೆ ಮತ್ತೆ ಜೋಡಿಸಿ ಮತ್ತೆ ಆಡಿದರು. ಏಲೂರು ಬಂತು, ಹೋಯಿತು.

"ಎರಡ ಸಲಾನೂ ಐವತ್ತ ಬರ್ತದ, ಕಾಕಾ."

ನಾನು ಕಿಟಕಿಯ ಕಡೆ ತಿರುಗಿದೆ.

"ಹಾಳ್ಯಾಗ ನಲವತ್ತೇಳದ. ಹಂಗಂದ್ರ ಮೂರು ನಡೀ ನಾ ಹುಟ್ಟಿಸಿಕೊಂಡೀನಿ. ಆಡೇ ಇಲ್ಲ, ಆಡೀನಿ ಅಂತ ನೆನಪಾಗ್ಲಿಕ್ಕತ್ತದ. ಅವ್ವನೂ ಹಿಂಗ ಅಲ್ಲೇನು? ಆಗದ ಮದುವಿ ಊಟಾ ಉಂಡು ಬರ್ತಿದ್ಲು."

"ಹಂಗೆಲ್ಲಾ ಇರೂದಿಲ್ರೀ ಟೀಚರ್. ದಣಿವು."

"ಪರವಾಲೇದು," ಎಂದರು ತೆಲುಗಿನಲ್ಲಿ, ಇರಲಿ ಬಿಡಿ ಎಂಬಂತೆ. ಹಲಗೆ ಮಡಚಿ ಡಬ್ಬಿ ತೆರೆದು, ಮೊಸರನ್ನ ಎರಡು ಪಾಲು ಮಾಡಿ ದೊಡ್ಡ ಪಾಲು ನನಗೆ ಕೊಟ್ಟರು. ಅದನ್ನು ತಿಂದೆ.

ಅಂದಿನಿಂದ ಅವರು ಪಂದ್ಯ ಆಡಲಿಲ್ಲ. ಮಕ್ಕಳಿಗೆ ಕಲಿಸುವುದನ್ನು ಬಿಡಲಿಲ್ಲ, ಆದರೆ ಪಂದ್ಯಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ಬೇರೆಯವರಿಗೆ ಒಪ್ಪಿಸಿದರು. ಒಂದೆರಡು ತಿಂಗಳಲ್ಲಿ ಅವರ ಮನೆಯಲ್ಲಿ ಚೀಟಿಗಳು ಕಾಣಿಸಿಕೊಂಡವು. ಒಲೆಯ ಮೇಲಿನ ಗೋಡೆಗೆ 'ಗ್ಯಾಸ್ ಬಂದ್ ಮಾಡಿದೆಯಾ'. ಬಾಗಿಲಿಗೆ 'ಕೀಲಿ'. ಸಕ್ಕರೆ ಡಬ್ಬಿಗೆ 'ಎರಡು ಚಮಚ, ಹಾಕಿ ಆತು'. ಕನ್ನಡ ಓದಲು ಅವರಿಗೆ ತಡವಾಗುತ್ತಿತ್ತು. ಆದರೂ ಚೀಟಿ ಕನ್ನಡದಲ್ಲೇ ಬರೆದಿದ್ದರು. "ತೆಲುಗು ಮೊದಲು ಹೋಗ್ತದಂತ, ಮನೀ ಭಾಷಾ ಕಡೀತನಕಾ ಇರ್ತದಂತ," ಎಂದು ಕಾರಣ ಹೇಳಿದರು, ಅಡುಗೆಯ ವಿಷಯ ಹೇಳಿದಷ್ಟು ಸಲೀಸಾಗಿ. ಏನು ನೆನಪಿದೆ, ಏನಿಲ್ಲ ಎಂದು ಪ್ರತಿದಿನ ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ಅವರು ಏನನ್ನೂ ಮರೆಯುತ್ತಿರಲಿಲ್ಲ. ನನ್ನ ಮೊಮ್ಮಗಳು ಏಳು ವರ್ಷದ ಹಿಂದೆ ಸೋತ ಆಟದ ನಡೆಗಳನ್ನೂ ಹೇಳಬಲ್ಲವರಾಗಿದ್ದರು. ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ, "ಮಾಡಿಸಿ ಏನ್ಮಾಡ್ಲಿ, ಔಷಧಾನ ಇಲ್ಲ" ಅನ್ನುತ್ತಿದ್ದರು. ಪ್ರತಿ ಸಲ ಆ ಮೆಟ್ಟಿಲು ಹತ್ತುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಚೀಟಿ ನೋಡಿದ ಕೂಡಲೇ ಬೇರೆ ಮಾತೆತ್ತುತ್ತಿದ್ದೆ. ಮೊದಲ ವಾರ ಹೇಳಿದ್ದರೆ ಅದು ತಪ್ಪು ಎಣಿಕೆ. ವರ್ಷದ ಮೇಲೆ ಹೇಳಿದರೆ ಬೇರೆಯೇ ಏನೋ. ಹೀಗೆ ಆರು ವರ್ಷ ಕಳೆಯಿತು.

ಕೊನೆಗೆ ಅವರಿಗೆ ಬಂದದ್ದು ಮರೆವಲ್ಲ, ಹೊಟ್ಟೆಯ ಕ್ಯಾನ್ಸರ್. ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಹೈದರಾಬಾದಿನಿಂದ ತಂಗಿ ಬಂದು ನೋಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ತಂಗಿ ಔಷಧಿ ತರಲು ಹೋದಾಗ ನಾನು ಮಂಚದ ಪಕ್ಕ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಟೀಚರ್ ನನ್ನ ಕಡೆ ಹೊರಳಿದರು.

"ಐವತ್ತ ಇತ್ತೇನು?"

"ಐವತ್ತ ಇತ್ರೀ."

"ಯಾವ ಮೂರು?"

ನನಗೆ ಅರ್ಥವಾಗಲಿಲ್ಲ.

"ಯಾವ ಮೂರು ಬಿಟ್ರಿ ಅಂತ. ಹಲಗಿ ತರ್ರಿ ಇಲ್ಲೆ."

ಹಲಗೆಯನ್ನು ಹೊದಿಕೆಯ ಮೇಲಿಟ್ಟೆ. ಒರಗಿ ಕೂತು ಐದು ಕಾಯಿ ಇಟ್ಟುಕೊಂಡು, ಆರು ವರ್ಷದ ಹಿಂದಿನ ಆಟವನ್ನು ಒಂದೊಂದೇ ನಡೆಯಾಗಿ ಆಡಿದರು. ಎಲ್ಲೂ ತಡವರಿಸಲಿಲ್ಲ. ಮೂವತ್ತಕ್ಕೆ ಬಂದು ನಿಂತರು. "ಇಲ್ಲೆ ನಾ ಸರದು ಕೂತೆ. ಬೆನ್ನು ನೋಯ್ತಿತ್ತು. ಇಲ್ಲೇನು?"

"ಇಲ್ಲೇರೀ. ಒಂಟಿ ನಡುಮನೀಗೆ ಬಂದ ಮ್ಯಾಲೆ."

"ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು," ಎಂದು ಆ ಮೂರನ್ನು ನಿಧಾನವಾಗಿ ಆಡಿ ತೋರಿಸಿದರು. ಮುಖ ಅರಳಿತ್ತು. ಕಳೆದುಹೋದ ಒಡವೆ ಸಿಕ್ಕವರ ಹಾಗೆ ಆ ಕಾಯಿಗಳನ್ನೇ ನೋಡಿದರು. ಆಮೇಲೆ ಆ ಬೆಳಕು ಹೋಯಿತು.

"ಆರು ವರ್ಷ, ಕಾಕಾ. ದಿನಾ ಮುಂಜಾನೆ ಎದ್ದು ಮೊದಲು ನನ್ನ ಹೆಸರು ನಾನ ಹೇಳಿ ನೋಡ್ತಿದ್ದೆ."

ಹಲಗೆಯನ್ನು ನನ್ನ ಕಡೆ ಸರಿಸಿದರು.

"ಯಾಕ ಹಂಗ ಹೇಳಿದ್ರಿ?"

"ನಾ ನಿಮ್ಮವ ಅಂದಾರು ಅಂತ."

"ನೀವು ನಮ್ಮವರ ಇದ್ರಲ್ಲಾ," ಎಂದರು.

ಬೈದಿದ್ದರೆ ಇಷ್ಟು ದಿನ ಅದನ್ನಾದರೂ ಹಿಡಿದುಕೊಂಡಿರುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ, "ಎಲ್ಲ್ಯಾರ ಬರೀರಿ ಅದನ್ನ. ಹುಡುಗ್ರಿಗೆ ಗೊತ್ತಿರಲಿ, ನಮ್ಮ ಟೀಚರ್ ನಲವತ್ತೇಳಕ್ಕ ಕೈ ಎತ್ತಿದಾಕಿ ಅಲ್ಲಂತ" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹನ್ನೊಂದು ದಿನದ ಮೇಲೆ ಹೋದರು. ಹಿಂದಿನ ದಿನ ತಂಗಿಗೆ ಯಾವ ಗುಳಿಗೆ ಎಷ್ಟು ಉಳಿದಿದೆ ಎಂದು ಮಲಗಿದಲ್ಲಿಂದಲೇ ಹೇಳಿದ್ದರಂತೆ. ಸರಿಯಾಗಿತ್ತಂತೆ.

ಸಂತಾಪ ಸಭೆಯಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳು, ಟೀಚರ್ ನಲವತ್ತೇಳಕ್ಕೆ ಕೈ ಎತ್ತಿದ ತಮ್ಮ ತಪ್ಪನ್ನೂ ಮುಚ್ಚಿಡದೆ ನಮಗೆ ಪಾಠವಾಗಿ ಹೇಳುತ್ತಿದ್ದರು ಎಂದು ಹೊಗಳಿದಳು. ನಾನು ಎದ್ದು ನಿಲ್ಲಬೇಕಿತ್ತು. ಕೂತಲ್ಲೇ ಕೂತಿದ್ದೆ, ಆ ದಿನ ವಿಜಯವಾಡದಲ್ಲಿ ಕೂತ ಹಾಗೆಯೇ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅಂದು ಟೀಚರ್ ಕೈ ಎತ್ತಿದಾಗ ಐವತ್ತು ನಡೆ ಪೂರ್ತಿಯಾಗಿದ್ದವು. ಆ ಆಟ ಡ್ರಾ. ರಾಜ್ಯ ತಂಡದ ಆ ಜಾಗ ಅವರದು. ಅವರ ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ. ತಪ್ಪಿದವನು ನಾನು, ತಪ್ಪಿದ್ದು ಗೊತ್ತಿದ್ದೂ ತಪ್ಪಿದವನು.